‘ವರವೋ ಶಾಪವೋ’ ಎಂದರೆ ಪರ ಯಾರು?

ಕೊಪ್ಪಳ, ರಾಯಚೂರು ಭಾಗದ ಕಾಲೇಜುಗಳ ಚರ್ಚಾಸ್ಪರ್ಧೆಗೆ ವಿಷಯ ಬರೆದುಕೊಡುವಾಗ ನಾನು ಮೊದಲು ನೋಡುವುದು ವಾಕ್ಯದ ಕೊನೆಯ ಪದವನ್ನು. ‘ಮೊಬೈಲ್ ವರವೋ ಶಾಪವೋ’ ಎಂಬುದು ಕಿವಿಗೆ ಇಂಪಾಗಿದ್ದರೂ ಅದರಲ್ಲಿ ಸಮರ್ಥಿಸಲು ಒಂದು ಹೇಳಿಕೆಯೇ ಇಲ್ಲ; ‘ಪರ’ ಎಂಬ ಚೀಟಿ ಬಂದ ವಿದ್ಯಾರ್ಥಿ ಯಾವುದರ ಪರವೆಂದು ವೇದಿಕೆಯ ಮೇಲೆ ನಿಂತೇ ತೀರ್ಮಾನಿಸಬೇಕಾಗುತ್ತದೆ. ‘ಬೇಡ’ ಎಂದು ಮುಗಿಯುವ ವಿಷಯದಲ್ಲಿ ಪರ ಮಾತನಾಡುವವರು ನಿರಾಕರಿಸಬೇಕು, ವಿರೋಧಿಸುವವರು ಒಪ್ಪಬೇಕು. ಅಂಕ ಹಾಕುವಾಗ ತೀರ್ಪುಗಾರರೂ ತಡವರಿಸಿದ್ದನ್ನು ಕಂಡಿದ್ದೇನೆ. ಆದ್ದರಿಂದ ‘ಬೇಕು’ ಎಂದು ಮುಗಿಯುವ, ಈಗಿರುವ ವ್ಯವಸ್ಥೆಯಲ್ಲಿ ಒಂದು ಬದಲಾವಣೆಯನ್ನು ಕೇಳುವ ವಾಕ್ಯ ಉತ್ತಮ. ಬದಲಾವಣೆ ಕೇಳುವವರ ಮೇಲೆ ಸಮರ್ಥನೆಯ ಹೊಣೆ ತಾನಾಗಿಯೇ ಬೀಳುತ್ತದೆ.

ಎರಡೂ ಕಡೆ ತೂಕ ಸಮನಾಗಿದೆಯೇ ಎಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ‘ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿ ಬೇಕು’ ಎಂಬ ವಿಷಯವನ್ನು ರಾಯಚೂರಿನಲ್ಲಿ ಇಟ್ಟರೆ ವಿರೋಧಿಸುವವಳು ಬಾಯಿ ತೆರೆಯುವ ಮೊದಲೇ ಸೋತಿರುತ್ತಾಳೆ, ಏಕೆಂದರೆ ಎದುರು ಕುಳಿತ ಬಹುತೇಕರು ಸಂವಿಧಾನದ ಆ ವಿಧಿಯಡಿ ಈ ಭಾಗದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಸಿಗುವ ಮೀಸಲಾತಿಯನ್ನೇ ನಂಬಿ ಓದುತ್ತಿರುವವರು. ‘371(ಜೆ) ಅಡಿಯ ಸ್ಥಳೀಯ ಮೀಸಲಾತಿಗೆ ಕಾಲಮಿತಿ ಇರಬೇಕು’ ಎಂದು ಬದಲಿಸಿದರೆ ಇಬ್ಬರಿಗೂ ಕೆಲಸ ಸಿಗುತ್ತದೆ.

ಕೆಲವು ವಿಷಯಗಳು ವಾಲುವ ದಿಕ್ಕು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ‘ತುಂಗಭದ್ರಾ ಜಲಾಶಯದ ಹೂಳು ತೆಗೆಯಬೇಕು’ ಎಂದಾಗ ಯಾರು ತಾನೇ ವಿರೋಧಿಸಿಯಾರು ಎನಿಸುತ್ತದೆ. ಆದರೆ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಜಲಾಶಯದ ಸಾಮರ್ಥ್ಯ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಕಳೆದುಹೋದ ಜಾಗದ ಹೂಳನ್ನು ಘನ ಮೀಟರಿಗೆ ತಿರುಗಿಸಿದರೆ ಎಪ್ಪತ್ತು ಕೋಟಿಯನ್ನು ದಾಟುತ್ತದೆ. ಹತ್ತು ಘನ ಮೀಟರಿನ ಟಿಪ್ಪರಿಗೆ ಅದು ಏಳು ಕೋಟಿಗೂ ಹೆಚ್ಚು ಲೋಡು. ಅಷ್ಟನ್ನು ಎಲ್ಲಿ ಸುರಿಯುತ್ತೀರಿ ಎಂದು ವಿರೋಧಿ ಕೇಳಿದೊಡನೆ ಪರದವರ ವಾದ ಕುಸಿಯುತ್ತದೆ. ಈ ಲೆಕ್ಕ ಹಾಕದೆ ನಾನೇ ಒಮ್ಮೆ ಆ ವಿಷಯ ಕೊಟ್ಟು, ಚೆನ್ನಾಗಿ ತಯಾರಾಗಿ ಬಂದಿದ್ದ ತಂಡವೊಂದನ್ನು ಸೋಲಿಸಿದಂತಾಯಿತು.

ಬಳಿಕ ಅದನ್ನು ‘ಹೂಳಿನಿಂದಾದ ನಷ್ಟ ತುಂಬಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕು’ ಎಂದು ತಿದ್ದಿದೆ. ಈಗ ಪರದವರಿಗೆ ಮಳೆಗಾಲದಲ್ಲಿ ಕ್ರಸ್ಟ್ ಗೇಟು ದಾಟಿ ಹರಿದುಹೋಗುವ ನೀರನ್ನು ಅಲ್ಲಿ ಹಿಡಿದಿಡುವ ವಾದವಿದೆ, ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಎರಡನೇ ಬೆಳೆಯಿದೆ. ವಿರೋಧಕ್ಕೆ ಮುಳುಗಡೆಯಾಗುವ ಹೊಲಗಳಿವೆ, ವೆಚ್ಚವಿದೆ, ನೀರು ಹಂಚಿಕೊಳ್ಳುವ ಆಂಧ್ರ, ತೆಲಂಗಾಣಗಳ ಒಪ್ಪಿಗೆಯ ಪ್ರಶ್ನೆಯಿದೆ. ಪ್ರತಿ ವಿಷಯಕ್ಕೂ ಪರ ಮೂರು, ವಿರೋಧ ಮೂರು ವಾದಗಳನ್ನು ನಾನೇ ಹೀಗೆ ಬರೆದು ನೋಡುತ್ತೇನೆ. ಒಂದು ಕಡೆ ಎರಡಕ್ಕೇ ನಿಂತರೆ ವಿಷಯವನ್ನು ಕೈಬಿಡುತ್ತೇನೆ.

ಸ್ಪರ್ಧೆ ಮುಗಿದ ಮೇಲೆ ಯಾವ ಪಕ್ಷ ಗೆದ್ದಿತೆಂಬುದನ್ನೂ ವಹಿಯಲ್ಲಿ ಬರೆದಿಡುತ್ತೇನೆ. ನವಲಿಯ ವಿಷಯವನ್ನು ಈವರೆಗೆ ಮೂರು ಸಲ ಕೊಟ್ಟಿದ್ದೇನೆ. ಎರಡು ಸಲ ವಿರೋಧ ಗೆದ್ದಿದೆ, ಒಮ್ಮೆ ಪರ.