ಸ್ಕೋರ್ ಬಂತು, ಆಮೇಲೆ? ಡಿಮೆನ್ಷಿಯಾ ಮತ್ತು ಯುವಜನರ ಮಾನಸಿಕ ಆರೋಗ್ಯದ ಸಮೀಕ್ಷೆಗೆ ಹೊರಡುವವರಿಗೆ ಟಿಪ್ಪಣಿ

ಕೊಡಗಿನಲ್ಲಿ ಫೀಲ್ಡ್‌ವರ್ಕ್ ಮಾಡಲಿರುವ ಎಂಎಸ್‌ಡಬ್ಲ್ಯೂ ಮತ್ತು ಮನಃಶಾಸ್ತ್ರ ವಿದ್ಯಾರ್ಥಿಗಳಿಗಾಗಿ ಈ ಟಿಪ್ಪಣಿ. ಡಿಮೆನ್ಷಿಯಾದ ಬಗೆಗಳು, ಖಿನ್ನತೆಯ ಲಕ್ಷಣಗಳು ಪಠ್ಯದಲ್ಲೇ ಇವೆ, ಅವನ್ನು ಇಲ್ಲಿ ಮತ್ತೆ ಬರೆದಿಲ್ಲ. ಹೆಚ್ಚಿನವರು ಎಡವುವುದು ಒಂದೇ ಕಡೆ: ಸ್ಕ್ರೀನಿಂಗ್‌ನಲ್ಲಿ ಬಂದ ಅಂಕವನ್ನೇ ಕಾಯಿಲೆ ಎಂದು ಬರೆದುಬಿಡುವುದು. ಅದಕ್ಕೇ ಇಲ್ಲಿ ಹೆಚ್ಚು ಜಾಗ.

ಮೊದಲು ಎರಡು ಅಂಕಿ

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆ ಇತ್ತು. ಹಿರಿಯರ ಡಿಮೆನ್ಷಿಯಾ ಕುರಿತ ರಾಷ್ಟ್ರೀಯ ಅಧ್ಯಯನವಾದ ಲಾಸಿ-ಡ್ಯಾಡ್‌ನ 2023ರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಷಿಯಾ ಇದೆ. ಎರಡೂ ಹತ್ತಿರ ಬಂದದ್ದು ಕಾಕತಾಳೀಯ, ನಂಟು ಹುಡುಕಬೇಡಿ. ಎರಡೂ ದೇಶದ ಅಂಕಿಗಳು, ಕೊಡಗಿನವಲ್ಲ. ಲೆಕ್ಕ ಕಲಿಯಲು ಮಾತ್ರ ಇಲ್ಲಿ ಬಳಸೋಣ.

ಸಾವಿರ ಹಿರಿಯರ ಲೆಕ್ಕ

ಸೋಮವಾರಪೇಟೆ ತಾಲ್ಲೂಕಿನ ಕೆಲವು ಊರುಗಳಲ್ಲಿ 1000 ಹಿರಿಯರನ್ನು ಪರೀಕ್ಷಿಸಿದೆವು ಎಂದಿಟ್ಟುಕೊಳ್ಳಿ. ಶೇ. 7.4ರಂತೆ 74 ಮಂದಿಗೆ ಡಿಮೆನ್ಷಿಯಾ ಇದೆ, 926 ಮಂದಿಗೆ ಇಲ್ಲ. ಪರೀಕ್ಷೆಯ ಸೆನ್ಸಿಟಿವಿಟಿ (ಕಾಯಿಲೆ ಇರುವವರಲ್ಲಿ ಪಾಸಿಟಿವ್ ಬರುವವರ ಪಾಲು) ಶೇ. 90, ಸ್ಪೆಸಿಫಿಸಿಟಿಯೂ (ಕಾಯಿಲೆ ಇಲ್ಲದವರಲ್ಲಿ ನೆಗೆಟಿವ್ ಬರುವವರ ಪಾಲು) ಶೇ. 90 ಎಂದು ಹಿಡಿಯೋಣ.

74ರಲ್ಲಿ ಶೇ. 90, ಅಂದರೆ ಸುಮಾರು 67 ಮಂದಿ ಸಿಕ್ಕಿದರು, 7 ಮಂದಿ ತಪ್ಪಿಹೋದರು. ಕಾಯಿಲೆ ಇಲ್ಲದ 926ರಲ್ಲಿ ಶೇ. 10, ಅಂದರೆ ಸುಮಾರು 93 ಮಂದಿಯೂ ಪಾಸಿಟಿವ್ ಪಟ್ಟಿಗೆ ಸೇರಿದರು. ಪಟ್ಟಿಯಲ್ಲಿ ಒಟ್ಟು 160 ಹೆಸರು, ನಿಜವಾಗಿ ಕಾಯಿಲೆ ಇರುವವರು 67. ಅಂದರೆ ಶೇ. 42.

‘ಶೇ. 90 ಸರಿ’ ಎನ್ನುವ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಹತ್ತು ಜನರಲ್ಲಿ ಸುಮಾರು ಆರು ಮಂದಿಗೆ ಕಾಯಿಲೆಯೇ ಇಲ್ಲ! ಗೊಂದಲ ಹುಟ್ಟುವುದು ಛೇದದಲ್ಲಿ. ಸೆನ್ಸಿಟಿವಿಟಿಯ ಛೇದ 74, ‘ಕಾಯಿಲೆ ಇರುವವರಲ್ಲಿ ಎಷ್ಟು ಮಂದಿ ಸಿಕ್ಕಿದರು?’ ಎಂಬುದು ಅದರ ಪ್ರಶ್ನೆ. ಮನೆಯವರು ನಮ್ಮನ್ನು ಕೇಳುವುದು ‘ಪಾಸಿಟಿವ್ ಬಂದಿದೆಯಲ್ಲ, ಕಾಯಿಲೆ ಇದೆಯಾ?’ ಎಂದು. ಅದರ ಛೇದ 160. ಯಾವ ಶೇಕಡಾವಾರು ಕಂಡರೂ ಮೊದಲು ಛೇದ ಬರೆದುಕೊಳ್ಳಿ, ಆಮೇಲೆ ಮೇಲಿನ ಅಂಕಿ. ಈ ಒಂದು ಅಭ್ಯಾಸದಿಂದ ಅರ್ಧ ಗೊಂದಲ ಹೋಗುತ್ತದೆ.

ಇದೇ ಪರೀಕ್ಷೆಯನ್ನು ನೆನಪಿನ ತೊಂದರೆಗೆಂದೇ ಜನ ಬರುವ ಕ್ಲಿನಿಕ್‌ನಲ್ಲಿ ಮಾಡಿ. ಅಲ್ಲಿ 1000ಕ್ಕೆ 400 ಮಂದಿಗೆ ಕಾಯಿಲೆ ಇದೆ ಎನ್ನೋಣ. 360 ನಿಜ, 60 ಸುಳ್ಳು, ಪಾಸಿಟಿವ್‌ಗಳಲ್ಲಿ ಶೇ. 86 ಸರಿ. ಸಾಧನ ಬದಲಾಗಲಿಲ್ಲ, ಜನ ಬದಲಾದರು. ಆದ್ದರಿಂದ ಕ್ಲಿನಿಕ್‌ನ ಸಂಶೋಧನಾ ಲೇಖನದಲ್ಲಿ ಓದಿದ ಭರವಸೆಯನ್ನು ಮನೆಮನೆ ಸಮೀಕ್ಷೆಗೆ ಹೊತ್ತು ತರಬಾರದು. ಇನ್ನೊಂದು ಕಡೆಯನ್ನೂ ನೋಡಿ: ಊರಿನ ಲೆಕ್ಕದಲ್ಲಿ ನೆಗೆಟಿವ್ ಬಂದ 840ರಲ್ಲಿ 833 ಸರಿ, ಶೇ. 99. ‘ಇಲ್ಲ’ ಎಂದದ್ದನ್ನು ನಂಬಬಹುದು, ‘ಇದೆ’ ಎಂದದ್ದನ್ನು ಮತ್ತೆ ವಿಚಾರಿಸಬೇಕು.

ಎರಡನೇ ಹಂತ ಬೇಕಾಗುವುದು ಇದಕ್ಕೇ. ಆ 160 ಮಂದಿಗೆ ಇನ್ನೊಂದು ಪರೀಕ್ಷೆ, ಅದರ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿಯೂ ಶೇ. 90 ಎಂದುಕೊಂಡರೆ 67ರಲ್ಲಿ 60 ಉಳಿಯುತ್ತವೆ, 93ರಲ್ಲಿ 9. ಈಗ 69ಕ್ಕೆ 60, ಶೇ. 87. ಆದರೆ ಒಂದು ಷರತ್ತು ಇದೆ: ಎರಡನೆಯದು ಮೊದಲನೆಯದರ ಕಾರಣಕ್ಕೇ ತಪ್ಪಬಾರದು. ಕಿವಿ ಕೇಳದ ಅಜ್ಜಿ ಒಂದು ನೆನಪಿನ ಪರೀಕ್ಷೆಯಲ್ಲಿ ಸೋತರೆ ಇನ್ನೊಂದರಲ್ಲೂ ಸೋಲುತ್ತಾರೆ. ಒಂದೇ ಕಣ್ಣಿನ ಎರಡು ಜರಡಿ ಹಿಡಿದಂತೆ ಅದು. ಎರಡನೇ ಹಂತದಲ್ಲಿ ಮನೆಯವರ ಮಾತು ಕೇಳುವುದು ಇದೇ ಕಾರಣಕ್ಕೆ.

ಆ 93 ಮಂದಿ ಎಲ್ಲಿಂದ ಬರುತ್ತಾರೆ

ಶಾಲೆ, ಕಿವಿ, ಕಣ್ಣು, ಭಾಷೆ. ನೆನಪು, ಯೋಚನೆ ಅಳೆಯುವ 30 ಅಂಕದ ಎಂಎಂಎಸ್‌ಇ ಪರೀಕ್ಷೆಯಲ್ಲಿ 100ರಿಂದ ಏಳೇಳು ಕಳೆಯಬೇಕು, ವಾಕ್ಯ ಓದಿ ಕಣ್ಣು ಮುಚ್ಚಬೇಕು. ಶಾಲೆಗೆ ಹೋಗದವರಿಗೆ ಅನ್ಯಾಯವಾಗದಿರಲೆಂದು ಅದರ ಹಿಂದಿ ರೂಪವಾದ ಎಚ್‌ಎಂಎಸ್‌ಇಯಲ್ಲಿ 20ರಿಂದ ಮೂರು ಮೂರು ಕಳೆಯಲು ಹೇಳುತ್ತಾರೆ, ಓದಿಸುವ ಬದಲು ‘ನಾನು ಮಾಡಿದ ಹಾಗೆ ಮಾಡಿ’ ಎನ್ನುತ್ತಾರೆ.

ಕೊಡಗಿನಲ್ಲಿ ಇನ್ನೂ ಎರಡು ಜಾಗ್ರತೆ. ಅಂಗಡಿಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವವರ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ಯರವ ಇರಬಹುದು. ನೆನಪಿನ ಪ್ರಶ್ನೆ ಮನೆಮಾತಿನಲ್ಲೇ ಇರಲಿ. ‘ಈಗ ಯಾವ ತಿಂಗಳು?’ ಎಂದು ಜುಲೈ ಕೊನೆಯಲ್ಲಿ ಕೇಳಿದಾಗ ‘ಕಕ್ಕಡ’ (ಆಗ ನಡೆಯುವ ಕೊಡವ ತಿಂಗಳು) ಎಂದರೆ ಪೂರ್ಣ ಅಂಕ. ಆ ತಿಂಗಳ ಮದ್ದುಸೊಪ್ಪಿನ ಪಾಯಸದ ದಿನ ಇನ್ನೂ ಬಂದಿಲ್ಲ ಎಂದು ಸೇರಿಸಿದರಂತೂ ಕಾಲದ ಅರಿವು ಗಟ್ಟಿಯಾಗಿದೆ ಎಂದರ್ಥ. ಸರಿಯುತ್ತರಗಳ ಪಟ್ಟಿಯನ್ನು ಹೊರಡುವ ಮುನ್ನವೇ ತಂಡದವರೆಲ್ಲ ಕೂತು ಒಪ್ಪಿಕೊಳ್ಳಿ, ಮನೆಯಲ್ಲಿ ಕೂತು ನಿರ್ಧರಿಸಬೇಡಿ.

ಮೂರು ಪದ ನೆನಪಿಡಲು ಹೇಳುವಾಗ ‘ಕಾಫಿ, ಮೆಣಸು, ಏಲಕ್ಕಿ’ ಬೇಡ. ಮೂರೂ ತೋಟದ ಬೆಳೆಗಳು, ಒಂದು ನೆನಪಾದರೆ ಉಳಿದೆರಡು ತಾವೇ ಬರುತ್ತವೆ. ಪದಗಳು ಪರಿಚಿತವಿರಲಿ, ಒಂದಕ್ಕೊಂದು ಸಂಬಂಧ ಬೇಡ.

ಮನೆಯವರನ್ನು ಕೇಳುವುದು

‘ಮರೆವು ಇದೆಯಾ?’ ಎಂದರೆ ‘ವಯಸ್ಸಾಯ್ತಲ್ಲ’ ಎಂದು ಮಾತು ಮುಗಿಯುತ್ತದೆ. ಮೊದಲು ಮಾಡುತ್ತಿದ್ದು ಈಗ ಕೈಬಿಟ್ಟ ಕೆಲಸ ಯಾವುದು ಎಂದು ಕೇಳಿ. ವಾರದ ಬಟವಾಡೆ ಲೆಕ್ಕ ತಾವೇ ನೋಡುತ್ತಿದ್ದವರು ಈಗ ಒಬ್ಬರಿಗೇ ಎರಡು ಸಲ ಕೂಲಿ ಕೊಡುತ್ತಿದ್ದಾರಾ? ಎಂದೂ ಅಡುಗೆ ಮಾಡದ ಅಜ್ಜನಿಗೆ ‘ಅಡುಗೆ ಬರುವುದಿಲ್ಲ’ ಎಂದು ಅಂಕ ಹಾಕಬೇಡಿ, ಅಲ್ಲಿ ‘ಅನ್ವಯಿಸದು’ ಎಂದು ಬರೆಯಬೇಕು.

ಬದಲಾವಣೆ ಎಂದಿನಿಂದ ಎಂಬುದನ್ನು ತಪ್ಪದೆ ಬರೆದುಕೊಳ್ಳಿ. ತಿಂಗಳುಗಳಿಂದ, ವರ್ಷಗಳಿಂದ ನಿಧಾನವಾಗಿ ಬಂದಿದ್ದರೆ ಡಿಮೆನ್ಷಿಯಾದ ಸಾಧ್ಯತೆ. ಎರಡು ಮೂರು ದಿನದಿಂದ ಇದ್ದಕ್ಕಿದ್ದಂತೆ, ಗಳಿಗೆಗೊಂದು ರೀತಿ ಇದ್ದರೆ ಅದು ಡೆಲಿರಿಯಂ (ದೇಹದ ತೊಂದರೆಯಿಂದ ದಿಢೀರನೆ ಬರುವ ಗೊಂದಲ) ಇರಬಹುದು. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಹೊಸ ಮಾತ್ರೆ ಕಾರಣವಾಗುತ್ತವೆ. ಮಳೆಗಾಲದಲ್ಲಿ ಶೀತಕ್ಕೆಂದು ನುಂಗುವ, ನಿದ್ದೆ ಬರಿಸುವ ಕೆಲವು ಮಾತ್ರೆಗಳೂ ವಯಸ್ಸಾದವರಲ್ಲಿ ಗೊಂದಲ ತರುತ್ತವೆ. ಇಂಥ ದಿಢೀರ್ ಬದಲಾವಣೆ ಕಂಡರೆ ಫಾರಂ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕಳಿಸಿ. ಖಿನ್ನತೆ, ಬಿ12 ಕೊರತೆ, ಥೈರಾಯ್ಡ್ ತೊಂದರೆಯೂ ಮರೆವಿನಂತೆ ಕಾಣಬಹುದು. ಅದನ್ನು ವೈದ್ಯರು ಬಿಡಿಸಬೇಕು, ನಾವಲ್ಲ.

ಬೆಂಗಳೂರಿನಿಂದ ಭಾನುವಾರ ಫೋನ್ ಮಾಡುವ ಮಗನಿಗಿಂತ ಜೊತೆಗಿರುವವರು ಉತ್ತಮ ಮಾಹಿತಿದಾರರು. ಎಷ್ಟೋ ಮನೆಗಳಲ್ಲಿ ಅದು ಪಿಯುಸಿ ಓದುವ ಮೊಮ್ಮಗಳೇ ಆಗಿರಬಹುದು.

ಮೊಮ್ಮಗಳ ಫಾರಂ

ಖಿನ್ನತೆ ಪತ್ತೆಹಚ್ಚುವ ಪಿಎಚ್‌ಕ್ಯೂ-9 ಫಾರಂ: ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27, ಸಾಮಾನ್ಯ ಗಡಿ 10. ಮೇಲಿನ ಛೇದದ ಲೆಕ್ಕ ಇದಕ್ಕೂ ಹಾಗೆಯೇ ಅನ್ವಯಿಸುತ್ತದೆ. ಡಿಮೆನ್ಷಿಯಾ ಇರುವವರಿಗೆ ಸಂಜೆ ಗೊಂದಲ ಹೆಚ್ಚಾಗಿ ರಾತ್ರಿ ನಿದ್ದೆ ಕೆಡಬಹುದು, ಅವರೊಂದಿಗೆ ಎದ್ದು ಕೂರುವ ಹುಡುಗಿಗೆ ನಿದ್ದೆ, ಆಯಾಸ, ಏಕಾಗ್ರತೆಯ ಮೂರು ಪ್ರಶ್ನೆಗಳಲ್ಲೇ 9 ಅಂಕ ಬರಬಹುದು. ಅಂಕವನ್ನು ಕಡೆಗಣಿಸಬೇಡಿ, ಕಾರಣವನ್ನು ಪಕ್ಕದಲ್ಲಿ ಬರೆಯಿರಿ. ಆಕೆಗೆ ಬೇಕಾದದ್ದು ಮೊದಲಿಗೆ ರಾತ್ರಿಯ ಪಾಳಿಗೆ ಇನ್ನೊಬ್ಬರು ಇರಬಹುದು.

18ಕ್ಕಿಂತ ಚಿಕ್ಕವರಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಅವರದೇ ಸಮ್ಮತಿಯೂ ಬೇಕು. ಎಲ್ಲರೂ ಕೂತಿರುವ ಕೈಯಾಲೆಯಲ್ಲಿ (ಜಗಲಿಯಲ್ಲಿ) ಈ ಪ್ರಶ್ನೆಗಳನ್ನು ಕೇಳಬೇಡಿ. 9ನೇ ಪ್ರಶ್ನೆ ಸಾವಿನ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದು. ಅಲ್ಲಿ 1 ಬಂದರೂ ಒಟ್ಟು ಅಂಕ ನೋಡಬೇಡಿ, ಅಲ್ಲೇ ಮಾತಾಡಿ, ಒಬ್ಬಂಟಿಯಾಗಿ ಬಿಟ್ಟು ಬರಬೇಡಿ, ಮೇಲ್ವಿಚಾರಕರಿಗೆ ತಿಳಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆ. ನೆಟ್‌ವರ್ಕ್ ಸಿಗದ ಊರುಗಳಿಗೆ ಹೋಗುವಾಗ ಹತ್ತಿರದ ಆಸ್ಪತ್ರೆಗೆ ಗಾಡಿಯ ವ್ಯವಸ್ಥೆ ಮೊದಲೇ ಇರಲಿ.

ಬದುಕು ಹೇಗಿದೆ ಎಂದು ಯಾರನ್ನು ಕೇಳುವುದು

ಕಾಯಿಲೆ ಇರುವವರನ್ನೂ ಕೇಳಬೇಕು. ಡಿಮೆನ್ಷಿಯಾ ಇರುವವರ ಬದುಕಿನ ಗುಣಮಟ್ಟ ಅಳೆಯುವ ಕ್ಯೂಒಎಲ್-ಎಡಿಯಲ್ಲಿ 13 ಅಂಶ, ಒಂದೊಂದಕ್ಕೆ 1ರಿಂದ 4, ಒಟ್ಟು 13ರಿಂದ 52. ಅವರೂ ಉತ್ತರಿಸುತ್ತಾರೆ, ಆರೈಕೆ ಮಾಡುವವರೂ ಉತ್ತರಿಸುತ್ತಾರೆ. ಎರಡನ್ನೂ ಒಂದೇ ಅಂಕವಾಗಿಸುವಾಗ ಕಾಯಿಲೆ ಇರುವವರ ಮಾತಿಗೆ ದುಪ್ಪಟ್ಟು ತೂಕ: ಅಜ್ಜಿ 36, ಸೊಸೆ 27 ಕೊಟ್ಟರೆ (36×2+27)÷3, ಅಂದರೆ 33. ಆರೈಕೆದಾರರ ಅಂಕ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಅದರಲ್ಲಿ ಅವರ ಸ್ವಂತ ದಣಿವೂ ಸೇರಿರುತ್ತದೆ. ವರದಿಯಲ್ಲಿ 33 ಮಾತ್ರ ಬರೆದರೆ ಆ 9 ಅಂಕದ ಅಂತರ ಕಾಣುವುದಿಲ್ಲ. ಮೂರನ್ನೂ ಬರೆಯಿರಿ, ಸೊಸೆಯ ಹೊರೆ ಅಳೆಯುವ 22 ಪ್ರಶ್ನೆಗಳ ಜಾರಿಟ್ ಫಾರಂ ಅನ್ನು ಅದೇ ಭೇಟಿಯಲ್ಲಿ ತುಂಬಿಸಿಕೊಳ್ಳಿ.