ಕೀಟನಾಶಕ ಹೊಟ್ಟೆಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ?

ಈ ಪ್ರಶ್ನೆಗೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ, ಮತ್ತೆ ಹೇಳುತ್ತೇನೆ: ಮಾಡಿಸಬಾರದು.

ಒಳಗಿರುವ ವಿಷ ಹೊರಬಂದರೆ ಜೀವ ಉಳಿಯುತ್ತದೆ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುವುದರಿಂದಲೇ ಈ ನಂಬಿಕೆ ಅಲುಗಾಡುತ್ತಿಲ್ಲ. ಆದರೆ ಅನೇಕ ದ್ರವ ಕೀಟನಾಶಕಗಳಲ್ಲಿ ವಿಷದೊಂದಿಗೆ ಕ್ಸೈಲೀನ್‌ನಂತಹ ದ್ರಾವಕವೂ ಬೆರೆತಿರುತ್ತದೆ. ಮಂಪರಿನಲ್ಲಿರುವವರು ವಾಂತಿ ಮಾಡಿದಾಗ ಅದು ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶವನ್ನೇ ಕೆಡಿಸುತ್ತದೆ. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕವಾಗಿದ್ದರೆ, ಈಗ ಮಾತನಾಡುತ್ತಿರುವವರು ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಬಹುದು. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ದಿಢೀರನೆ ಏರಿ, ಮೆದುಳಿಗೆ ಪೆಟ್ಟು ಬಿದ್ದು, ಅದರಿಂದಲೇ ಸಾವು ಸಂಭವಿಸಬಹುದು. ‘ಕುಡಿಸಿದೆವು, ವಾಂತಿಯಾಯಿತು, ಬದುಕಿದರು’ ಎನ್ನುವವರು ಗಮನಿಸಬೇಕು: ವಾಂತಿ ಈ ವಿಷದ ಲಕ್ಷಣವೇ ಆಗಿದೆ, ಉಪ್ಪುನೀರಿಲ್ಲದೆಯೂ ಅದು ಬರುತ್ತದೆ. ಆಸ್ಪತ್ರೆಯಲ್ಲಿ ಸಹ ಹೊಟ್ಟೆ ತೊಳೆಯುವುದನ್ನು ಸಾಮಾನ್ಯವಾಗಿ ವಿಷ ಸೇವಿಸಿದ ಸುಮಾರು 1 ಗಂಟೆಯೊಳಗೆ, ಅದೂ ಶ್ವಾಸಮಾರ್ಗವನ್ನು ಭದ್ರಪಡಿಸಿದ ಮೇಲೆ ಮಾತ್ರ ಯೋಚಿಸುತ್ತಾರೆ.

ವಾಂತಿ ಮಾಡಿಸಲು ಕಳೆಯುವ ಸಮಯವನ್ನು ಆಂಬುಲೆನ್ಸ್ ಕರೆಯಲು ಬಳಸಿ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ. ಕೈಗವಸು ತೊಟ್ಟು, ವಿಷ ತಗುಲಿದ ಬಟ್ಟೆ ಕಳಚಿ, ಚರ್ಮವನ್ನು ಸೋಪು ನೀರಿನಿಂದ ತೊಳೆಯಿರಿ. ಡಬ್ಬಿಯನ್ನು ಅಥವಾ ಅದರ ಲೇಬಲ್ಲಿನ ಚಿತ್ರವನ್ನು ತಪ್ಪದೆ ಒಯ್ಯಿರಿ, ಏಕೆಂದರೆ ವಿಷ ಯಾವುದೆಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ: ಪ್ಯಾರಾಕ್ವಾಟ್ ಎಂಬ ಕಳೆನಾಶಕವಾಗಿದ್ದರೆ ಅನಗತ್ಯ ಆಮ್ಲಜನಕವೇ ಶ್ವಾಸಕೋಶದ ಹಾನಿಯನ್ನು ಹೆಚ್ಚಿಸುತ್ತದೆ.

ಆರ್ಗನೋಫಾಸ್ಫೇಟ್ ವಿಷದಲ್ಲಿ ಜೀವ ತೆಗೆಯುವುದು ಮುಖ್ಯವಾಗಿ ಉಸಿರಾಟದ ವೈಫಲ್ಯ. ಶ್ವಾಸನಾಳಗಳಲ್ಲಿ ತುಂಬುವ ದ್ರವವನ್ನು ಅಟ್ರೋಪಿನ್ ಎಂಬ ಔಷಧ ಒಣಗಿಸುತ್ತದೆ. ವೈದ್ಯರು ಸುಮಾರು 5 ನಿಮಿಷಕ್ಕೊಮ್ಮೆ ಪ್ರಮಾಣವನ್ನು ಇಮ್ಮಡಿಗೊಳಿಸುತ್ತ, ಎದೆಯ ಸದ್ದು ತಿಳಿಯಾಗಿ ನಾಡಿಬಡಿತ ಮತ್ತು ರಕ್ತದೊತ್ತಡ ಸುಧಾರಿಸುವವರೆಗೆ ಕೊಡುತ್ತಾರೆ. ಕಣ್ಣಿನ ಪಾಪೆ ಹಿಗ್ಗಿತೆಂಬ ಒಂದೇ ಕಾರಣಕ್ಕೆ ನಿಲ್ಲಿಸುವುದಿಲ್ಲ.

ಇದರ ಜೊತೆಗೆ, ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ರೋಗಿ ಎದ್ದು ಕುಳಿತು ಮಾತನಾಡಿದ ಮೇಲೂ ಏಕೆ ಮನೆಗೆ ಕಳುಹಿಸುವುದಿಲ್ಲ? ಸಾಮಾನ್ಯವಾಗಿ ವಿಷ ಸೇವಿಸಿದ 24ರಿಂದ 96 ಗಂಟೆಗಳ ನಡುವೆ, ಚೇತರಿಸಿಕೊಂಡಂತೆ ಕಾಣುವ ಕೆಲವರಲ್ಲಿ ಉಸಿರಾಟದ ಸ್ನಾಯುಗಳು ಸೋತು ವೆಂಟಿಲೇಟರ್ ಬೇಕಾಗುತ್ತದೆ. ಇದಕ್ಕೆ ಮುನ್ನ ಕುತ್ತಿಗೆಯ ಸ್ನಾಯುಗಳು ದುರ್ಬಲವಾಗುತ್ತವೆ. ವೈದ್ಯರು ದಿನಕ್ಕೆ ಹಲವು ಬಾರಿ ಬಂದು, ದಿಂಬಿನಿಂದ ತಲೆ ಎತ್ತುವಂತೆ ರೋಗಿಗೆ ಹೇಳುವುದು ಅದನ್ನು ಪರೀಕ್ಷಿಸುವುದಕ್ಕಾಗಿ.