ಮುದ್ದೆ ತಿಂದರೂ ಕಬ್ಬಿಣ ಯಾಕೆ ಸಾಲುತ್ತಿಲ್ಲ?

"ಕೊನೇ ಎರಡು ಸುತ್ತು ಕಾಲೇ ಏಳಲ್ಲ ಮೇಡಂ." ಓಟದ ಹುಡುಗಿಯರಿಂದ ಈ ಮಾತನ್ನು ಮೇಲಿಂದ ಮೇಲೆ ಕೇಳುತ್ತೇನೆ. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 12ರ ಮೇಲಿರುತ್ತದೆ. ಮನೆಯವರಿಗೆ ಅಷ್ಟಕ್ಕೇ ಸಮಾಧಾನ. ನಾನು ಫೆರಿಟಿನ್ ಕೂಡ ನೋಡಿಸಿ ಅನ್ನುತ್ತೇನೆ. ಅದು ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಈ ಕಣಜ ಬರಿದಾಗಿರುತ್ತದೆ.

ಓಡುವವರಿಗೆ ನಷ್ಟವೂ ಜಾಸ್ತಿ. ಮುಟ್ಟಿನಲ್ಲಿ ಹೋಗುತ್ತದೆ, ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ. ಪಾದ ನೆಲಕ್ಕೆ ಬಡಿಯುವಾಗ ಒಂದಿಷ್ಟು ಕೆಂಪು ರಕ್ತಕಣಗಳು ಒಡೆಯುತ್ತವೆ.

"ದಿನಾ ಮುದ್ದೆ, ಸೊಪ್ಪಿನ ಸಾರು ತಿಂತೀನಲ್ಲ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ರಾಗಿಯ ದೊಡ್ಡ ಗುಣ ಅದರ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ ಕಬ್ಬಿಣ ಸುಮಾರು 4.5 ಮಿಲಿಗ್ರಾಂ ಅಷ್ಟೇ. ಅದನ್ನೂ ರಾಗಿಯಲ್ಲೇ ಇರುವ ಫೈಟೇಟ್, ಟ್ಯಾನಿನ್ ಹಿಡಿದಿಟ್ಟುಕೊಳ್ಳುತ್ತವೆ. ಹಾಗಂತ ಮುದ್ದೆ ಬಿಡಬೇಡಿ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿಸಿದರೆ ಈ ಹಿಡಿತ ಸಡಿಲವಾಗುತ್ತದೆ. ಹುರುಳಿಕಾಳಿನಲ್ಲಿ ಕಬ್ಬಿಣ ರಾಗಿಗಿಂತ ಜಾಸ್ತಿ. ಮೊಳಕೆ ಹುರುಳಿಯ ಬಸ್ಸಾರಿಗೆ ಊಟದ ಹೊತ್ತಿಗೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಜೊತೆಗೊಂದು ಸೀಬೆಹಣ್ಣು ತಿನ್ನಿ. ವಿಟಮಿನ್ ಸಿ ಇದ್ದರೆ ಕಾಳು, ಸೊಪ್ಪಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮಾಂಸ ತಿನ್ನುವವರಿಗೆ ಇದು ಇನ್ನೂ ಸುಲಭ. ಮಟನ್, ಲಿವರಿನ ಕಬ್ಬಿಣ ಬೇಗ ಮೈಗೆ ಸೇರುತ್ತದೆ.

ನಾನು ಹಟ ಹಿಡಿಯುವುದು ಟೀ ವಿಷಯಕ್ಕೆ. ತಿಂಡಿಯ ಜೊತೆಗೇ ಟೀ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣ ಹೀರಿಕೊಳ್ಳುವುದು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಟೀ ಬಿಡಿ ಅನ್ನುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಹೊತ್ತೂ ಮುಖ್ಯ. ಜೋರು ಪ್ರಾಕ್ಟೀಸ್ ಆದ 3ರಿಂದ 6 ಗಂಟೆಯೊಳಗೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರುತ್ತದೆ. ಅದು ಕರುಳಿನಲ್ಲಿ ಕಬ್ಬಿಣದ ಬಾಗಿಲು ಹಾಕುತ್ತದೆ. ಬೆಳಗ್ಗೆ ಓಡಿದ ಅರ್ಧ ಗಂಟೆಯಲ್ಲೇ ತಿಂಡಿ ತಿಂದುಬಿಟ್ಟರೆ ಆ ಬಾಗಿಲು ಇನ್ನೂ ತೆರೆದಿರುತ್ತದೆ. ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ನೋಡಿಕೊಂಡರಾಯಿತು ಅನ್ನುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೂಕ ಇಳಿಸಲು ಊಟವನ್ನೇ ಬಿಡುವವರನ್ನು ಕಂಡರೆ ಇನ್ನೂ ಹೆಚ್ಚು. ಹೊಟ್ಟೆಗೇ ಸಾಲದಿದ್ದರೆ ಕಬ್ಬಿಣ ಎಲ್ಲಿಂದ ಬರಬೇಕು?

ಗೆಳತಿ ತಗೊಂಡಳು ಅಂತ ಸುಮ್ನೆ ಮಾತ್ರೆ ನುಂಗಬೇಡಿ. ಕಬ್ಬಿಣ ಜಾಸ್ತಿಯಾದರೂ ದೇಹಕ್ಕೆ ಕೆಟ್ಟದ್ದು. ಜ್ವರ ಬಂದಾಗ, ಭಾರಿ ಪ್ರಾಕ್ಟೀಸಿನ ಮರುದಿನ ಫೆರಿಟಿನ್ ಏರಿ ಸುಳ್ಳು ಲೆಕ್ಕ ತೋರಿಸುತ್ತದೆ. ವಿಶ್ರಾಂತಿಯ ದಿನ ಬೆಳಗ್ಗೆ ರಕ್ತ ಕೊಟ್ಟು, ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ.